ಏಡಿ ಮಾಂಸದ ಪೋಷಕ ಮೌಲ್ಯ

ಏಡಿ ಮಾಂಸವು ಹತ್ತು ಕಾಲುಗಳುಳ್ಳ ಚಿಪ್ಪುಜೀವಿಯಾದ ಏಡಿಯ ದೇಹ, ಕಾಲು ಮತ್ತು ಇಕ್ಕಳದಂತಹ ಮುಂಗಾಲುಗಳಿಂದ ದೊರೆಯುವ ಖಾದ್ಯ ಭಾಗವಾಗಿದೆ. ಇದರಲ್ಲಿ ಪ್ರೋಟೀನ್ ಅಧಿಕವಾಗಿಯೂ ಕೊಬ್ಬು ಅತ್ಯಲ್ಪವಾಗಿಯೂ ಇರುತ್ತದೆ. ವಿಟಮಿನ್ ಬಿ12, ಸತು, ತಾಮ್ರ ಮತ್ತು ಸೆಲೆನಿಯಂಗಳಿಗೆ ಇದು ಉತ್ತಮ ಆಕರವಾಗಿದೆ. ಜಗತ್ತಿನ ಕರಾವಳಿ ಪ್ರದೇಶಗಳಲ್ಲಿ ಸಮುದ್ರದ ಏಡಿಗಳನ್ನೂ, ಏಷ್ಯಾದ ಭತ್ತ ಬೆಳೆಯುವ ಒಳನಾಡುಗಳಲ್ಲಿ ಸಿಹಿನೀರಿನ ಏಡಿಗಳನ್ನೂ ಆಹಾರವಾಗಿ ಬಳಸುತ್ತಾರೆ. ಇದರ ಜೊತೆಗೆ, ಅಲರ್ಜಿ ಉಂಟುಮಾಡುವ ಪ್ರಮುಖ ಆಹಾರಗಳಲ್ಲಿ ಏಡಿಯೂ ಒಂದು. ಸರಿಯಾಗಿ ಬೇಯಿಸದ ಏಡಿಯಿಂದ ಸೋಂಕು ರೋಗಗಳು ಹರಡುತ್ತವೆ.

== ಹೆಸರು ಮತ್ತು ಬಗೆಗಳು ==

ಕನ್ನಡದಲ್ಲಿ ಏಡಿ, ನಳ್ಳಿ ಎಂಬ ಹೆಸರುಗಳು ಬಳಕೆಯಲ್ಲಿವೆ. ಸಂಸ್ಕೃತ ಮೂಲದ ಕರ್ಕಟಕ ಎಂಬ ಪದವು ರಾಶಿಯ ಹೆಸರಿನಲ್ಲಿ ಉಳಿದುಕೊಂಡಿದೆ. ತುಳುವಿನಲ್ಲಿ ಇದನ್ನು ಡೆಂಜಿ ಎಂದೂ ಕೊಂಕಣಿಯಲ್ಲಿ ಕುರ್ಲಿ ಎಂದೂ ಕರೆಯುತ್ತಾರೆ.

ಕರ್ನಾಟಕದ ಕರಾವಳಿಯಲ್ಲಿ ಆಹಾರಕ್ಕೆ ಬಳಕೆಯಾಗುವ ಸಮುದ್ರ ಏಡಿಗಳಲ್ಲಿ ಈಜು ಏಡಿಗಳ ಗುಂಪಿಗೆ ಸೇರಿದ ಪೋರ್ಚುನಸ್ ಕುಲದ ಏಡಿಗಳು ಮತ್ತು ಬೆನ್ನಿನ ಮೇಲೆ ಶಿಲುಬೆಯಂತಹ ಗುರುತುಳ್ಳ ಕ್ಯಾರಿಬ್ಡಿಸ್ ಫೆರಿಯಾಟಾ ಮುಖ್ಯವಾದವು. ಪೋರ್ಚುನಸ್ ಕುಲದಲ್ಲಿ ಬೆನ್ನಿನ ಮೇಲೆ ಮೂರು ಚುಕ್ಕೆಗಳಿರುವ ಪೋರ್ಚುನಸ್ ಸ್ಯಾಂಗ್ವಿನೊಲೆಂಟಸ್ ಸುಲಭವಾಗಿ ಗುರುತಿಸಬಹುದಾದ ಪ್ರಭೇದವಾಗಿದೆ. ಅಳಿವೆಗಳ ಕೆಸರಿನಲ್ಲಿ ಮತ್ತು ಕಾಂಡ್ಲಾ ಕಾಡುಗಳಲ್ಲಿ ಬದುಕುವ ಸ್ಕೈಲಾ ಕುಲದ ಕೆಸರು ಏಡಿಗಳು ಗಾತ್ರದಲ್ಲಿ ದೊಡ್ಡವು. ಇವುಗಳ ಮುಂಗಾಲುಗಳಲ್ಲಿ ಮಾಂಸ ಹೆಚ್ಚಿರುವುದರಿಂದ ಬೆಲೆಯೂ ಹೆಚ್ಚು. ಮಲೆನಾಡಿನ ಗದ್ದೆ, ಹಳ್ಳ ಮತ್ತು ತೊರೆಗಳಲ್ಲಿ ಸಿಗುವ ಸಿಹಿನೀರಿನ ಏಡಿಗಳು ಬೇರೆ ಕುಟುಂಬಕ್ಕೆ ಸೇರಿದ್ದು, ಗಾತ್ರದಲ್ಲಿ ಚಿಕ್ಕವು.

== ಖಾದ್ಯ ಭಾಗಗಳು ==

ಏಡಿಯ ಖಾದ್ಯ ಭಾಗವನ್ನು ಬಿಳಿ ಮಾಂಸ ಮತ್ತು ಕಂದು ಮಾಂಸ ಎಂದು ಎರಡಾಗಿ ವಿಂಗಡಿಸಬಹುದು.

* '''ಬಿಳಿ ಮಾಂಸ''': ಮುಂಗಾಲು, ನಡೆಗಾಲು ಮತ್ತು ದೇಹದೊಳಗಿನ ಸ್ನಾಯುಗಳೇ ಬಿಳಿ ಮಾಂಸ. ಪ್ರೋಟೀನಿನ ಬಹುಪಾಲು ಇದರಲ್ಲಿದ್ದು, ಕೊಬ್ಬು ಕಡಿಮೆ.
* '''ಕಂದು ಮಾಂಸ''': ಬೆನ್ನಿನ ಚಿಪ್ಪಿನ ಕೆಳಗಿರುವ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯ ಕೆಲಸವನ್ನು ಒಟ್ಟಾಗಿ ಮಾಡುವ ಜೀರ್ಣಗ್ರಂಥಿ ಹಾಗೂ ಹೆಣ್ಣು ಏಡಿಯ ಅಂಡಾಶಯ ಇದರಲ್ಲಿ ಸೇರುತ್ತವೆ. ಇದು ರುಚಿಯಲ್ಲಿ ಗಾಢವಾಗಿದ್ದು, ಕೊಬ್ಬು ಮತ್ತು ಒಮೆಗಾ-3 ಮೇದಾಮ್ಲಗಳು ಬಿಳಿ ಮಾಂಸಕ್ಕಿಂತ ಹೆಚ್ಚಿರುತ್ತವೆ. ನೀರಿನಲ್ಲಿರುವ ಭಾರಲೋಹಗಳೂ ಕೆಲವು ವಿಷಗಳೂ ಸಂಗ್ರಹವಾಗುವುದು ಮುಖ್ಯವಾಗಿ ಈ ಭಾಗದಲ್ಲಿಯೇ.

ದೇಹದ ಇಕ್ಕೆಲಗಳಲ್ಲಿರುವ ಕಿವಿರುಗಳನ್ನು ತಿನ್ನುವುದಿಲ್ಲ. ಏಡಿಯ ತೂಕದ ಬಹುಭಾಗವು ಚಿಪ್ಪಿನದಾಗಿರುವುದರಿಂದ ದೊರೆಯುವ ಮಾಂಸ ಕಡಿಮೆ. ಅಮೆರಿಕದ ನೀಲಿ ಏಡಿಯಿಂದ ಅದರ ಒಟ್ಟು ತೂಕದ ಸುಮಾರು ಶೇ. 15ರಷ್ಟು ಮಾಂಸ ಮಾತ್ರ ಸಿಗುತ್ತದೆ. ಆದುದರಿಂದ 100 ಗ್ರಾಂ ಮಾಂಸಕ್ಕೆ ಸುಮಾರು 650ರಿಂದ 700 ಗ್ರಾಂ ತೂಕದ ಏಡಿಗಳು ಬೇಕಾಗುತ್ತವೆ. ಪೋಷಕಾಂಶದ ಪಟ್ಟಿಗಳಲ್ಲಿ ಕೊಡುವ ಅಂಕಿಗಳು ಬಿಡಿಸಿದ ಮಾಂಸಕ್ಕೆ ಸಂಬಂಧಿಸಿದವು, ಇಡೀ ಏಡಿಗೆ ಅಲ್ಲ ಎಂಬುದನ್ನು ಗಮನಿಸಬೇಕು.

ಏಡಿಯು ಬೆಳೆಯುವಾಗ ಆಗಾಗ ಪೊರೆ ಕಳಚುತ್ತದೆ. ಹಳೆಯ ಚಿಪ್ಪನ್ನು ಬಿಟ್ಟ ಕೂಡಲೇ ಅದು ನೀರನ್ನು ಹೀರಿ ದೇಹವನ್ನು ಹಿಗ್ಗಿಸಿಕೊಳ್ಳುತ್ತದೆ. ಈ ಹಂತದ ಏಡಿಯ ಚಿಪ್ಪಿನೊಳಗೆ ನೀರಿನಂಶ ಹೆಚ್ಚಾಗಿದ್ದು ಮಾಂಸ ಕಡಿಮೆ ಇರುತ್ತದೆ. ಅಮಾವಾಸ್ಯೆಯ ಸುಮಾರಿಗೆ ಹಿಡಿದ ಏಡಿಯಲ್ಲಿ ಮಾಂಸ ತುಂಬಿರುತ್ತದೆ, ಹುಣ್ಣಿಮೆಯ ಏಡಿ ಟೊಳ್ಳು ಎಂಬ ನಂಬಿಕೆ ಕರಾವಳಿಯಲ್ಲಿದೆ. ಕೊಳ್ಳುವಾಗ ಗಾತ್ರಕ್ಕಿಂತ ಭಾರವನ್ನು ನೋಡಬೇಕೆಂಬ ವಾಡಿಕೆಗೂ ಮಾಂಸದ ಪ್ರಮಾಣದಲ್ಲಿನ ಈ ವ್ಯತ್ಯಾಸವೇ ಕಾರಣ.

== ಪೋಷಕಾಂಶಗಳು ==

ಅಮೆರಿಕದ ಕೃಷಿ ಇಲಾಖೆಯು ನೀಲಿ ಏಡಿ, ಡಂಜನೆಸ್ ಏಡಿ ಮತ್ತು ಅಲಾಸ್ಕಾದ ರಾಜ ಏಡಿಗಳ ಬೇಯಿಸಿದ ಮಾಂಸಕ್ಕೆ ಪ್ರಕಟಿಸಿರುವ ಅಂಕಿಗಳ ಪ್ರಕಾರ, 100 ಗ್ರಾಂ ಮಾಂಸದಲ್ಲಿರುವ ಪೋಷಕಾಂಶಗಳು ಸ್ಥೂಲವಾಗಿ ಹೀಗಿವೆ:

* ಶಕ್ತಿ: 80–110 ಕಿಲೋಕ್ಯಾಲೊರಿ
* ಪ್ರೋಟೀನ್: 18–22 ಗ್ರಾಂ
* ಕೊಬ್ಬು: 0.7–1.8 ಗ್ರಾಂ
* ಶರ್ಕರಪಿಷ್ಟ: 0–1 ಗ್ರಾಂ
* ಕೊಲೆಸ್ಟರಾಲ್: 50–100 ಮಿಲಿಗ್ರಾಂ
* ಸೋಡಿಯಂ: 280–1,070 ಮಿಲಿಗ್ರಾಂ
* ಪೊಟ್ಯಾಸಿಯಂ: 260–410 ಮಿಲಿಗ್ರಾಂ
* ರಂಜಕ: 175–280 ಮಿಲಿಗ್ರಾಂ
* ಕ್ಯಾಲ್ಸಿಯಂ: 60–105 ಮಿಲಿಗ್ರಾಂ
* ಕಬ್ಬಿಣ: 0.4–0.9 ಮಿಲಿಗ್ರಾಂ
* ಸತು: 3.8–7.6 ಮಿಲಿಗ್ರಾಂ
* ತಾಮ್ರ: 0.6–1.2 ಮಿಲಿಗ್ರಾಂ
* ಸೆಲೆನಿಯಂ: 40–48 ಮೈಕ್ರೊಗ್ರಾಂ
* ವಿಟಮಿನ್ ಬಿ12: 3.3–11.5 ಮೈಕ್ರೊಗ್ರಾಂ

ಪ್ರಭೇದ, ಋತು, ನೀರಿನ ಲವಣಾಂಶ, ಏಡಿಯ ವಯಸ್ಸು ಮತ್ತು ಬೇಯಿಸುವ ಕ್ರಮಗಳಿಗೆ ತಕ್ಕಂತೆ ಈ ಪ್ರಮಾಣಗಳು ಬದಲಾಗುತ್ತವೆ. ಭಾರತದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ, 528 ಆಹಾರಗಳ ವಿಶ್ಲೇಷಣೆಯುಳ್ಳ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳಲ್ಲಿ ಏಡಿಯೂ ಸೇರಿದೆ.

=== ಪ್ರೋಟೀನ್ ===

ಮಾನವ ದೇಹವು ತಾನಾಗಿ ತಯಾರಿಸಿಕೊಳ್ಳಲಾರದ ಒಂಬತ್ತು ಅವಶ್ಯಕ ಅಮೈನೊ ಆಮ್ಲಗಳೂ ಏಡಿಯ ಪ್ರೋಟೀನಿನಲ್ಲಿವೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲದ ಕೊರತೆಯಿದ್ದು, ಏಡಿ ಮಾಂಸದಲ್ಲಿ ಅದು ಸಾಕಷ್ಟಿದೆ. ಹೀಗಾಗಿ ಅನ್ನದೊಡನೆ ಏಡಿ ಸಾರು ಉಣ್ಣುವ ರೂಢಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 65 ಕಿಲೋಗ್ರಾಂ ತೂಕದ ವಯಸ್ಕ ಪುರುಷನಿಗೆ ದಿನಕ್ಕೆ ಸುಮಾರು 54 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಏಡಿ ಮಾಂಸವು ಇದರ ಮೂರನೇ ಒಂದು ಭಾಗದಿಂದ ಐದನೇ ಎರಡು ಭಾಗದಷ್ಟನ್ನು ಪೂರೈಸುತ್ತದೆ.

ಏಡಿ ಮಾಂಸದ ಸವಿಗೆ ಅದರಲ್ಲಿ ಬಿಡಿಯಾಗಿರುವ ಗ್ಲೈಸಿನ್, ಅರ್ಜಿನಿನ್ ಮೊದಲಾದ ಅಮೈನೊ ಆಮ್ಲಗಳು ಮುಖ್ಯ ಕಾರಣ. ಶರ್ಕರಪಿಷ್ಟ ಇಲ್ಲವೆನ್ನುವಷ್ಟು ಕಡಿಮೆಯಿದ್ದರೂ ಮಾಂಸವು ಸ್ವಲ್ಪ ಸಿಹಿಯೆನಿಸುವುದು ಇದರಿಂದಲೇ.

=== ಕೊಬ್ಬು ಮತ್ತು ಕೊಲೆಸ್ಟರಾಲ್ ===

ಬಿಳಿ ಮಾಂಸದಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ. 2ಕ್ಕಿಂತ ಕಡಿಮೆ. ಇರುವ ಅಲ್ಪ ಕೊಬ್ಬಿನಲ್ಲಿ ಹೃದಯ ಮತ್ತು ಮೆದುಳಿನ ಆರೋಗ್ಯಕ್ಕೆ ಸಂಬಂಧಿಸಿದ ಉದ್ದ ಸರಪಳಿಯ ಒಮೆಗಾ-3 ಮೇದಾಮ್ಲಗಳ ಪಾಲು ಗಣನೀಯವಾಗಿದೆ. 100 ಗ್ರಾಂ ಬೇಯಿಸಿದ ಸಮುದ್ರ ಏಡಿಯ ಮಾಂಸದಲ್ಲಿ ಇವು ಸುಮಾರು 0.4 ಗ್ರಾಂನಷ್ಟಿರುತ್ತವೆ. ಇದು ಬೂತಾಯಿ, ಬಂಗುಡೆಯಂತಹ ಎಣ್ಣೆಯಂಶದ ಮೀನುಗಳಲ್ಲಿರುವುದಕ್ಕಿಂತ ಕಡಿಮೆ.

ಏಡಿಯಲ್ಲಿ ಕೊಲೆಸ್ಟರಾಲ್ ವಿಪರೀತ ಎಂಬ ಭಾವನೆ ವ್ಯಾಪಕವಾಗಿದೆ. ಆದರೆ 100 ಗ್ರಾಂ ಏಡಿ ಮಾಂಸದಲ್ಲಿರುವ 50–100 ಮಿಲಿಗ್ರಾಂ ಕೊಲೆಸ್ಟರಾಲ್, ಅಷ್ಟೇ ತೂಕದ ಬೇಯಿಸಿದ ಸಿಗಡಿಯಲ್ಲಿರುವುದರ ಅರ್ಧಭಾಗ ಅಥವಾ ಅದಕ್ಕಿಂತ ಕಡಿಮೆ. ದೊಡ್ಡ ಗಾತ್ರದ ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 185 ಮಿಲಿಗ್ರಾಂ ಇರುತ್ತದೆ. ರಕ್ತದ ಕೊಲೆಸ್ಟರಾಲನ್ನು ಹೆಚ್ಚಿಸುವುದರಲ್ಲಿ ಸಂತೃಪ್ತ ಕೊಬ್ಬಿನ ಪಾತ್ರ ಆಹಾರದ ಕೊಲೆಸ್ಟರಾಲಿಗಿಂತ ದೊಡ್ಡದು. ಏಡಿ ಮಾಂಸದಲ್ಲಿ ಸಂತೃಪ್ತ ಕೊಬ್ಬು ಬಹಳ ಕಡಿಮೆ. ಕಂದು ಮಾಂಸ ಮತ್ತು ತತ್ತಿಗಳಲ್ಲಿ ಮಾತ್ರ ಕೊಲೆಸ್ಟರಾಲ್ ಹೆಚ್ಚಿರುತ್ತದೆ.

=== ಖನಿಜಗಳು ===

ಏಡಿಯ ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವುದು ಕಬ್ಬಿಣವುಳ್ಳ ಹಿಮೊಗ್ಲೋಬಿನ್ ಅಲ್ಲ, ತಾಮ್ರವುಳ್ಳ ಹಿಮೊಸಯನಿನ್. ಆಮ್ಲಜನಕದೊಡನೆ ಕೂಡಿದಾಗ ಇದು ನೀಲಿಬಣ್ಣ ತಾಳುತ್ತದೆ. ಏಡಿ ಮಾಂಸದಲ್ಲಿ ತಾಮ್ರ ಅಧಿಕವಾಗಿದ್ದು ಕಬ್ಬಿಣ ಕಡಿಮೆಯಿರುವುದನ್ನು ಇದರ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು. ಆದುದರಿಂದ ಕಬ್ಬಿಣದ ಕೊರತೆಯಿಂದಾಗುವ ರಕ್ತಹೀನತೆಗೆ ಏಡಿಯನ್ನೇ ಮುಖ್ಯ ಆಹಾರವಾಗಿ ನೆಚ್ಚಿಕೊಳ್ಳುವಂತಿಲ್ಲ.

ಸತುವು ಬೆಳವಣಿಗೆ, ಗಾಯ ಮಾಯುವಿಕೆ ಮತ್ತು ರೋಗನಿರೋಧಕ ಶಕ್ತಿಗೆ ಅಗತ್ಯವಾದ ಖನಿಜ. ಧಾನ್ಯ ಮತ್ತು ಬೇಳೆಗಳಲ್ಲಿರುವ ಫೈಟೇಟ್ ಎಂಬ ಸಂಯುಕ್ತವು ಸತುವಿನ ಹೀರಿಕೆಯನ್ನು ತಡೆಯುವುದರಿಂದ, ಧಾನ್ಯವೇ ಪ್ರಧಾನವಾದ ಊಟ ಮಾಡುವವರಲ್ಲಿ ಇದರ ಕೊರತೆ ಸಾಮಾನ್ಯ. ಏಡಿ ಮಾಂಸದಲ್ಲಿ ಫೈಟೇಟ್ ಇಲ್ಲವಾದ್ದರಿಂದ ಅದರ ಸತುವನ್ನು ದೇಹವು ಸುಲಭವಾಗಿ ಹೀರಿಕೊಳ್ಳುತ್ತದೆ. ಸೆಲೆನಿಯಂ ಥೈರಾಯ್ಡ್ ಗ್ರಂಥಿಯ ಕಾರ್ಯಕ್ಕೂ ಜೀವಕೋಶಗಳ ರಕ್ಷಣೆಗೂ ಬೇಕಾಗುತ್ತದೆ.

ಕ್ಯಾಲ್ಸಿಯಂ ವಿಷಯದಲ್ಲಿ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಏಡಿಯ ಚಿಪ್ಪು ಕೈಟಿನ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್‌ಗಳಿಂದ ಆಗಿರುವುದರಿಂದ, ವಿಶ್ಲೇಷಣೆಯ ಮಾದರಿಯಲ್ಲಿ ಚಿಪ್ಪಿನ ಚೂರುಗಳು ಸೇರಿದರೆ ಕ್ಯಾಲ್ಸಿಯಂ ಅನೇಕ ಪಟ್ಟು ಹೆಚ್ಚಾಗಿ ಕಾಣುತ್ತದೆ. ಶುದ್ಧ ಮಾಂಸದಲ್ಲಿ ಇದರ ಪ್ರಮಾಣ ಅದೇ ತೂಕದ ಹಸುವಿನ ಹಾಲಿನಲ್ಲಿರುವಷ್ಟು ಅಥವಾ ಅದಕ್ಕಿಂತ ಕಡಿಮೆ.

=== ಜೀವಸತ್ವಗಳು ===

ವಿಟಮಿನ್ ಬಿ12 ಸಸ್ಯಾಹಾರದಲ್ಲಿ ಬಹುತೇಕ ದೊರೆಯದ ಜೀವಸತ್ವ. ರಕ್ತಕಣಗಳ ಉತ್ಪತ್ತಿಗೂ ನರಗಳ ಆರೋಗ್ಯಕ್ಕೂ ಇದು ಅನಿವಾರ್ಯ. ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರಮಾಣ ಸುಮಾರು 2 ಮೈಕ್ರೊಗ್ರಾಂಗಳಷ್ಟಾಗಿದ್ದು, 100 ಗ್ರಾಂ ಏಡಿ ಮಾಂಸದಲ್ಲಿ ಇದಕ್ಕಿಂತ ಹೆಚ್ಚು ಇರುತ್ತದೆ. ನಿಯಾಸಿನ್ ಮತ್ತು ಫೋಲೇಟ್‌ಗಳೂ ಸ್ವಲ್ಪಮಟ್ಟಿಗೆ ದೊರೆಯುತ್ತವೆ. ವಿಟಮಿನ್ ಸಿ ಅಲ್ಪವಾಗಿದ್ದು, ನಾರಿನಂಶ ಇಲ್ಲ.

== ಬೇಯಿಸುವಿಕೆ ಮತ್ತು ಪೋಷಕ ಮೌಲ್ಯ ==

ಹಸಿ ಏಡಿಯ ಹಸಿರು, ನೀಲಿ ಅಥವಾ ಕಂದು ಬಣ್ಣವು ಬೇಯಿಸಿದಾಗ ಕೆಂಪಾಗುತ್ತದೆ. ಚಿಪ್ಪಿನಲ್ಲಿರುವ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯವು ಪ್ರೋಟೀನಿಗೆ ಅಂಟಿಕೊಂಡಿರುವಾಗ ಅದರ ಬಣ್ಣ ಮರೆಯಾಗಿರುತ್ತದೆ. ಶಾಖಕ್ಕೆ ಪ್ರೋಟೀನಿನ ರಚನೆ ಕೆಟ್ಟಾಗ ಮೂಲ ಬಣ್ಣ ಹೊರಬರುತ್ತದೆ. ಬಣ್ಣ ಬದಲಾದ ಮಾತ್ರಕ್ಕೆ ಒಳಗಿನ ಮಾಂಸವೂ ಬೆಂದಿದೆಯೆಂದು ತಿಳಿಯಬಾರದು.

ನೀರಿನಲ್ಲಿ ಕುದಿಸಿದಾಗ ಖನಿಜಗಳೂ ನೀರಿನಲ್ಲಿ ಕರಗುವ ಜೀವಸತ್ವಗಳೂ ಸ್ವಲ್ಪ ನೀರಿಗಿಳಿಯುತ್ತವೆ. ಸಾರು ಅಥವಾ ಗಸಿ ಮಾಡಿದಾಗ ಆ ನೀರೂ ಊಟದಲ್ಲಿ ಸೇರುವುದರಿಂದ ನಷ್ಟ ಕಡಿಮೆ. ಹಬೆಯಲ್ಲಿ ಬೇಯಿಸುವುದರಿಂದಲೂ ಪೋಷಕಾಂಶಗಳು ಹೆಚ್ಚಾಗಿ ಉಳಿಯುತ್ತವೆ. ಎಣ್ಣೆಯಲ್ಲಿ ಕರಿದರೆ ಅಥವಾ ಬೆಣ್ಣೆಯೊಡನೆ ಬಡಿಸಿದರೆ ಕಡಿಮೆ ಕೊಬ್ಬಿನ ಆಹಾರವೆಂಬ ಗುಣ ಉಳಿಯುವುದಿಲ್ಲ.

ಕರಾವಳಿಯಲ್ಲಿ ತೆಂಗಿನಕಾಯಿ ಮತ್ತು ಒಣಮೆಣಸಿನ ಮಸಾಲೆಯಲ್ಲಿ ತಯಾರಿಸುವ ಡೆಂಜಿ ಗಸಿ, ಡೆಂಜಿ ಸುಕ್ಕ ಪ್ರಸಿದ್ಧವಾಗಿವೆ. ಮಲೆನಾಡಿನಲ್ಲಿ ಮಳೆಗಾಲದ ಆರಂಭದಲ್ಲಿ ಗದ್ದೆ ಮತ್ತು ಹಳ್ಳಗಳಲ್ಲಿ ಹಿಡಿದ ಏಡಿಗಳಿಂದ ಸಾರು ಮಾಡುತ್ತಾರೆ. ಸಣ್ಣ ಏಡಿಗಳನ್ನು ಕುಟ್ಟಿ ರಸವನ್ನು ಸೋಸಿ ಬಳಸುವ ಪದ್ಧತಿಯೂ ಇದೆ. ಶೀತ, ಕೆಮ್ಮುಗಳಿಗೆ ಏಡಿ ಸಾರು ಒಳ್ಳೆಯದೆಂಬ ನಂಬಿಕೆ ಜನರಲ್ಲಿದೆ. ಬಿಸಿ ಸಾರಿನಿಂದ ಗಂಟಲಿಗೆ ಹಿತವಾಗಬಹುದಾದರೂ ಕೆಮ್ಮು ಎರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ವೈದ್ಯಕೀಯ ತಪಾಸಣೆ ಅಗತ್ಯ.

== ಆರೋಗ್ಯ ಸಂಬಂಧಿ ಎಚ್ಚರಿಕೆಗಳು ==

=== ಅಲರ್ಜಿ ===

ಏಡಿ, ಸಿಗಡಿ ಮೊದಲಾದ ಚಿಪ್ಪುಜೀವಿಗಳ ಸ್ನಾಯುವಿನಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಅಲರ್ಜಿಗೆ ಪ್ರಮುಖ ಕಾರಣ. ಇದು ಶಾಖಕ್ಕೆ ನಾಶವಾಗದ ಕಾರಣ, ಎಷ್ಟೇ ಬೇಯಿಸಿದರೂ ಅಪಾಯ ತಪ್ಪುವುದಿಲ್ಲ. ತುರಿಕೆ, ದದ್ದು, ತುಟಿ ಮತ್ತು ಗಂಟಲಿನ ಊತ, ವಾಂತಿ, ಉಸಿರಾಟದ ತೊಂದರೆಗಳು ಇದರ ಲಕ್ಷಣಗಳು. ತೀವ್ರ ಪ್ರತಿಕ್ರಿಯೆಯಲ್ಲಿ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಉಂಟಾಗಬಹುದು. ಇದಕ್ಕೆ ಮೊದಲ ಚಿಕಿತ್ಸೆ ಎಪಿನೆಫ್ರಿನ್ ಚುಚ್ಚುಮದ್ದು. ಸಿಗಡಿಗೆ ಅಲರ್ಜಿಯಿರುವವರಿಗೆ ಏಡಿಯಿಂದಲೂ ಅಲರ್ಜಿಯಾಗುವ ಸಂಭವ ಹೆಚ್ಚು. ಹಾಲು, ಮೊಟ್ಟೆಗಳ ಅಲರ್ಜಿ ಬೆಳೆದಂತೆ ಅನೇಕ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ಆದರೆ ಚಿಪ್ಪುಜೀವಿಗಳ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಈ ಅಲರ್ಜಿಗೆ ಅಯೋಡಿನ್ ಕಾರಣವೆಂಬ ತಿಳಿವಳಿಕೆ ಸರಿಯಲ್ಲ.

ತಿನ್ನದೆಯೂ ತೊಂದರೆ ಉಂಟಾಗಬಹುದು. ಏಡಿ ಬೇಯಿಸುವ ಹಬೆಯಲ್ಲಿನ ಪ್ರೋಟೀನ್ ಕಣಗಳನ್ನು ದೀರ್ಘಕಾಲ ಉಸಿರಾಡುವ ಸಂಸ್ಕರಣಾ ಘಟಕಗಳ ಕಾರ್ಮಿಕರಲ್ಲಿ ಆಸ್ತಮಾ ಕಾಣಿಸಿಕೊಳ್ಳುವುದನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೊದಲಾದೆಡೆ ಗುರುತಿಸಲಾಗಿದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಂತೆ, ಪೊಟ್ಟಣದ ಆಹಾರದಲ್ಲಿ ಚಿಪ್ಪುಜೀವಿಗಳ ಅಂಶವಿದ್ದರೆ ಅದನ್ನು ನಮೂದಿಸಬೇಕು.

=== ಸೋಂಕುಗಳು ===

ಸಿಹಿನೀರಿನ ಏಡಿಗಳು ಪ್ಯಾರಗೋನಿಮಸ್ ಎಂಬ ಶ್ವಾಸಕೋಶದ ಚಪ್ಪಟೆಹುಳುವಿನ ಮರಿಗಳಿಗೆ ಆಶ್ರಯವಾಗಿರುತ್ತವೆ. ಹಸಿ ಅಥವಾ ಅರೆಬೆಂದ ಏಡಿ ತಿಂದವರ ಕರುಳಿನಿಂದ ಈ ಹುಳುಗಳು ಹೊರಬಂದು ಶ್ವಾಸಕೋಶವನ್ನು ಸೇರುತ್ತವೆ. ದೀರ್ಘಕಾಲದ ಕೆಮ್ಮು, ಎದೆನೋವು ಮತ್ತು ಕಫದಲ್ಲಿ ರಕ್ತ ಇದರ ಲಕ್ಷಣಗಳು. ಇವು ಕ್ಷಯರೋಗದ ಲಕ್ಷಣಗಳನ್ನೇ ಹೋಲುವುದರಿಂದ ರೋಗಿಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಟ್ಟರೂ ಗುಣವಾಗದಿರುವ ಸಂದರ್ಭಗಳಿವೆ. ಭಾರತದಲ್ಲಿ ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳಲ್ಲಿ ಈ ರೋಗ ಕಂಡುಬರುತ್ತದೆ. ರೋಗವನ್ನು ಗುರುತಿಸಿದರೆ ಪ್ರಾಜಿಕ್ವಾಂಟೆಲ್ ಔಷಧದಿಂದ ಗುಣಪಡಿಸಬಹುದು. ಉಪ್ಪಿನಲ್ಲಿ ಅಥವಾ ಮದ್ಯದಲ್ಲಿ ನೆನೆಸಿಡುವುದು ಬೇಯಿಸುವುದಕ್ಕೆ ಬದಲಿಯಲ್ಲ. ಹಸಿ ಏಡಿಯನ್ನು ಕತ್ತರಿಸಿದ ಕತ್ತಿ, ಮಣೆಗಳನ್ನು ತೊಳೆಯದೆ ಬೇರೆ ಆಹಾರಕ್ಕೆ ಬಳಸಬಾರದು.

ಸಮುದ್ರ ಮತ್ತು ಅಳಿವೆಯ ಏಡಿಗಳಲ್ಲಿ ವಿಬ್ರಿಯೊ ಗುಂಪಿನ ಬ್ಯಾಕ್ಟೀರಿಯಾಗಳಿರುತ್ತವೆ. ಅಮೆರಿಕದ ಲೂಯಿಸಿಯಾನದಲ್ಲಿ 1978ರಲ್ಲಿ ಕಾಣಿಸಿಕೊಂಡ ಕಾಲರಾ ಪ್ರಕರಣಗಳಿಗೆ ಸರಿಯಾಗಿ ಬೇಯಿಸದ ಅಥವಾ ಬೇಯಿಸಿದ ನಂತರ ಸರಿಯಾಗಿ ಇರಿಸದ ಏಡಿಗಳು ಕಾರಣವಾಗಿದ್ದವು. ಏಡಿ ಸತ್ತ ಬಳಿಕ ಅದರ ಜೀರ್ಣಗ್ರಂಥಿಯ ಕಿಣ್ವಗಳು ಮಾಂಸವನ್ನು ಬೇಗ ಕರಗಿಸುತ್ತವೆ, ಬ್ಯಾಕ್ಟೀರಿಯಾಗಳೂ ವೇಗವಾಗಿ ಬೆಳೆಯುತ್ತವೆ. ಜೀವಂತ ಏಡಿಯನ್ನೇ ಕೊಳ್ಳಬೇಕೆಂಬ ರೂಢಿಗೆ ಇದೇ ಆಧಾರ. ಅಮೋನಿಯದ ವಾಸನೆ ಬರುವ ಮಾಂಸವನ್ನು ತ್ಯಜಿಸಬೇಕು.

=== ವಿಷಗಳು ಮತ್ತು ಭಾರಲೋಹಗಳು ===

ಕೆಲವು ಸೂಕ್ಷ್ಮ ಪಾಚಿಗಳು ಉತ್ಪಾದಿಸುವ ಡೊಮೊಯಿಕ್ ಆಮ್ಲವು ಏಡಿಯ ಒಳಾಂಗಗಳಲ್ಲಿ ಶೇಖರವಾಗಿ ನರಮಂಡಲಕ್ಕೆ ಹಾನಿ ಮಾಡಬಲ್ಲದು. ಈ ಕಾರಣದಿಂದ 2015ರ ನವೆಂಬರ್‌ನಲ್ಲಿ ಆರಂಭವಾಗಬೇಕಿದ್ದ ಕ್ಯಾಲಿಫೋರ್ನಿಯಾದ ಡಂಜನೆಸ್ ಏಡಿಯ ವಾಣಿಜ್ಯ ಮೀನುಗಾರಿಕೆಯನ್ನು ಹಲವು ತಿಂಗಳು ಮುಂದೂಡಲಾಯಿತು. ಕ್ಯಾಡ್ಮಿಯಂ ಕೂಡ ಮುಖ್ಯವಾಗಿ ಕಂದು ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಐರೋಪ್ಯ ಒಕ್ಕೂಟವು ಏಡಿಯ ಕಾಲುಗಳ ಬಿಳಿ ಮಾಂಸಕ್ಕೆ ಕಿಲೋಗ್ರಾಂಗೆ 0.5 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿಯನ್ನು ವಿಧಿಸಿದೆ. ಈ ಮಿತಿ ಕಂದು ಮಾಂಸಕ್ಕೆ ಅನ್ವಯಿಸುವುದಿಲ್ಲ. ಕಂದು ಮಾಂಸವನ್ನು ಪದೇಪದೇ ತಿನ್ನದಿರುವುದು ಕ್ಷೇಮ.

ಪಾದರಸದ ವಿಷಯದಲ್ಲಿ ಏಡಿ ಸುರಕ್ಷಿತ ಆಹಾರಗಳ ಸಾಲಿನಲ್ಲಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಗರ್ಭಿಣಿಯರಿಗೆ ಸೂಚಿಸಿರುವ ಕಡಿಮೆ ಪಾದರಸದ ಸಮುದ್ರಾಹಾರಗಳ ಪಟ್ಟಿಯಲ್ಲಿ ಚೆನ್ನಾಗಿ ಬೇಯಿಸಿದ ಏಡಿಯೂ ಸೇರಿದೆ.

ಹವಳದ ದಿಬ್ಬಗಳಲ್ಲಿ ವಾಸಿಸುವ, ಕ್ಸಾಂಥಿಡೆ ಕುಟುಂಬದ ಕೆಲವು ಏಡಿಗಳ ಮಾಂಸವೇ ಮಾರಕ ವಿಷವುಳ್ಳದ್ದು. ಜೋಸಿಮಸ್ ಇನಿಯಸ್ ಇವುಗಳಲ್ಲಿ ಒಂದು. ಇವುಗಳ ವಿಷ ಬೇಯಿಸಿದರೂ ನಾಶವಾಗುವುದಿಲ್ಲವಾದ್ದರಿಂದ ಗುರುತು ಸಿಗದ ಏಡಿಯನ್ನು ತಿನ್ನಬಾರದು.

=== ಹಂದಿಗೋಡು ಕಾಯಿಲೆ ಮತ್ತು ಗದ್ದೆಯ ಏಡಿ ===

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದ ಕೀಲು ಮತ್ತು ಮೂಳೆಗಳ ಕಾಯಿಲೆಯೊಂದು ಏಡಿಯ ಹೆಸರಿನೊಡನೆ ತಳುಕು ಹಾಕಿಕೊಂಡಿತು. ಸೊಂಟ ಮತ್ತು ಮೊಣಕಾಲುಗಳ ನೋವು, ಅಂಗವಿಕಲತೆ, ಕುಬ್ಜತೆಗಳು ಇದರ ಲಕ್ಷಣಗಳು. ಪೀಡಿತರಲ್ಲಿ ಹೆಚ್ಚಿನವರು ಬಡ ಕೃಷಿ ಕಾರ್ಮಿಕ ಕುಟುಂಬಗಳವರು. ಗದ್ದೆಯ ಏಡಿಗಳು ಅವರ ಆಹಾರದ ಭಾಗವಾಗಿದ್ದವು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಗಳನ್ನು ತಿಂದದ್ದೇ ಕಾರಣವಿರಬೇಕೆಂಬ ಊಹೆ ಆಗ ವ್ಯಾಪಕವಾಗಿ ಹರಡಿತು. ಮುಂದೆ ನಡೆದ ಕುಟುಂಬ ಮತ್ತು ಕ್ಷಕಿರಣ ಅಧ್ಯಯನಗಳು ಇದು ತಲೆಮಾರಿನಿಂದ ತಲೆಮಾರಿಗೆ ಪ್ರಬಲ ಗುಣವಾಗಿ ಸಾಗುವ, ಮೂಳೆಯ ಬೆಳವಣಿಗೆಯ ಆನುವಂಶಿಕ ದೋಷವೆಂದು ವಿವರಿಸಿದವು.

ಈ ಕಾಯಿಲೆಗೆ ಏಡಿ ಕಾರಣವೆಂಬ ಊಹೆ ಹಿಂದೆ ಸರಿದರೂ, ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಗಳನ್ನು ತಿನ್ನುವುದು ಸುರಕ್ಷಿತವೆಂದು ಇದರಿಂದ ಅರ್ಥವಾಗುವುದಿಲ್ಲ. ಗದ್ದೆಯ ತಳದಲ್ಲಿ ಮೇಯುವ ಏಡಿಗಳ ದೇಹಕ್ಕೆ ನೀರು ಮತ್ತು ಕೆಸರಿನಲ್ಲಿರುವ ರಾಸಾಯನಿಕಗಳು ಸೇರುತ್ತವೆ. ಬೇಯಿಸುವುದರಿಂದ ಅವು ಪೂರ್ಣವಾಗಿ ಹೋಗುತ್ತವೆಂಬ ಭರವಸೆಯಿಲ್ಲ. ಕೊಳ್ಳಲು ಹಣ ಬೇಕಿಲ್ಲದ ಪ್ರೋಟೀನ್ ಮೂಲವೊಂದು ಹೀಗೆ ಕಲುಷಿತವಾದರೆ ಅದರ ನಷ್ಟ ಮೊದಲು ತಟ್ಟುವುದು ಅದನ್ನೇ ಅವಲಂಬಿಸಿದ ಬಡ ಕುಟುಂಬಗಳಿಗೆ.

=== ಸೋಡಿಯಂ ಮತ್ತು ಪ್ಯೂರಿನ್ ===

ಉಪ್ಪುನೀರಿನಲ್ಲಿ ಸಂಸ್ಕರಿಸಿ ಹೆಪ್ಪುಗಟ್ಟಿಸುವ ರಾಜ ಏಡಿಯಂತಹ ಏಡಿಗಳಲ್ಲಿ ಸೋಡಿಯಂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸೂಚಿಸಿದ್ದು, 100 ಗ್ರಾಂ ರಾಜ ಏಡಿಯಲ್ಲಿಯೇ ಇದರ ಅರ್ಧಭಾಗ ಸೇರಿಬಿಡುತ್ತದೆ. ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆಯಿರುವವರು ಇದನ್ನು ಗಮನಿಸಬೇಕು. ಏಡಿಯಲ್ಲಿರುವ ಪ್ಯೂರಿನ್‌ಗಳು ದೇಹದಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುವುದರಿಂದ ಗೌಟ್ ಎಂಬ ಕೀಲುರೋಗವಿರುವವರು ಮಿತವಾಗಿ ಸೇವಿಸಬೇಕು.

== ಸಂಸ್ಕರಿತ ಮತ್ತು ಅನುಕರಣ ಏಡಿ ಮಾಂಸ ==

ಡಬ್ಬಿಯಲ್ಲಿ ತುಂಬಿದ ಏಡಿ ಮಾಂಸದಲ್ಲಿ ಕೆಲವೊಮ್ಮೆ ಗಾಜಿನ ಚೂರಿನಂತಹ ಹರಳುಗಳು ಕಾಣುತ್ತವೆ. ಇವು ಸ್ಟ್ರುವೈಟ್ ಎಂಬ ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್ ಹರಳುಗಳಾಗಿದ್ದು ವಿಷಕಾರಿಯಲ್ಲ. ಗಾಜು ಕರಗದ ಬಿಸಿ ವಿನೆಗರ್‌ನಲ್ಲಿ ಇವು ಕರಗುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಗುರುತಿಸಬಹುದು.

ಏಡಿ ಕಡ್ಡಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಪದಾರ್ಥವು 1970ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಅನುಕರಣ ಆಹಾರ. ಬಿಳಿ ಮಾಂಸದ ಮೀನನ್ನು ತೊಳೆದು ಅರೆದು ಪಡೆದ ಸುರಿಮಿ ಎಂಬ ಹಿಟ್ಟಿಗೆ ಪಿಷ್ಟ, ಸಕ್ಕರೆ, ಉಪ್ಪು ಮತ್ತು ಬಣ್ಣಗಳನ್ನು ಬೆರೆಸಿ ಇದನ್ನು ತಯಾರಿಸುತ್ತಾರೆ. ಶಕ್ತಿಯ ಪ್ರಮಾಣ ಏಡಿ ಮಾಂಸಕ್ಕೆ ಸಮೀಪವಾಗಿದ್ದರೂ, 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 8 ಗ್ರಾಂ ಮಾತ್ರ ಇದ್ದು ಶರ್ಕರಪಿಷ್ಟ ಸುಮಾರು 15 ಗ್ರಾಂ ಇರುತ್ತದೆ. ಸತು, ತಾಮ್ರ ಮತ್ತು ಬಿ12 ಕೂಡ ನಿಜವಾದ ಏಡಿಗಿಂತ ಬಹಳ ಕಡಿಮೆ. ರುಚಿಗಾಗಿ ಏಡಿಯ ಸಾರವನ್ನು ಬೆರೆಸಿರಬಹುದಾದ ಕಾರಣ ಏಡಿ ಅಲರ್ಜಿಯಿರುವವರಿಗೆ ಇದೂ ಸುರಕ್ಷಿತವಲ್ಲ.

== ಇವನ್ನೂ ನೋಡಿ ==

* ಏಡಿ
* ಸಿಗಡಿ
* ಆಹಾರದ ಅಲರ್ಜಿ
* ವಿಟಮಿನ್ ಬಿ12
* ಹಂದಿಗೋಡು ಕಾಯಿಲೆ